ನಕ್ಷೆ ಹೋದರೆ ಹೊಲ ಹೋಗಲ್ಲ

ಪಾರ್ಟಿಷನ್ ಟೇಬಲ್ ಅಳಿಸಿಹೋದ ಡಿಸ್ಕ್ ಖಾಲಿ ಡಿಸ್ಕ್ ಅಲ್ಲ. ಈ ಲೇಖನದಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ. ಆದರೆ ಇದು ಗೊತ್ತಿಲ್ಲದೆ ನಮ್ಮಂಥ ಎಷ್ಟೋ ಸ್ಟೂಡೆಂಟ್‌ಗಳು ಪ್ರಾಜೆಕ್ಟು, ಡೇಟಾಸೆಟ್ಟು, ಫೋಟೋ ಎಲ್ಲಾ ಕಳ್ಕೊಂಡು ಕೂರ್ತಾರೆ. ಟೇಬಲ್ ಹೋದ ಕೂಡಲೇ ಡೇಟಾ ಹೋಗಲ್ಲ. ಟೇಬಲ್ ಹೋಯ್ತು ಅಂತ ಗೊತ್ತಾದ ಮೇಲೆ ಗಾಬರಿಯಲ್ಲಿ ಮಾಡ್ತೀವಲ್ಲ ಎರಡನೇ ಕೆಲಸ, ಅದರಿಂದ ಹೋಗುತ್ತೆ. ಆ ಎರಡನೇ ಕೆಲಸ ಮಾಡದೇ ಇರೋದನ್ನ ನಮ್ಮ ಲ್ಯಾಬ್‌ನಲ್ಲಿ ಕಲಿಸಬೇಕು ಅನ್ನೋದು ನನ್ನ ವಾದ.

ನಾನು ಎಲ್‌ಕೆಜಿಯಿಂದ ಓದಿದ್ದು ಇಂಗ್ಲಿಷ್ ಮೀಡಿಯಂ. ಟೆಕ್ನಿಕಲ್ ವಿಷಯವನ್ನ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ಭಾಷೆ ಸ್ವಲ್ಪ ಬೆರಕೆ ಆಗಿರುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.

ನಮ್ಮೂರು ಹುಣಸೂರು ತಾಲ್ಲೂಕಿನ ಹನಗೋಡು ಕಡೆ. ಒಂದು ಕಡೆ ಲಕ್ಷ್ಮಣತೀರ್ಥ ನದಿ, ಅದಕ್ಕೆ ಕಟ್ಟಿರೋ ಅಣೆಕಟ್ಟು, ಇನ್ನೊಂದು ಕಡೆ ನಾಗರಹೊಳೆ ಕಾಡು. ಹೊಗೆಸೊಪ್ಪು, ರಾಗಿ, ಜೋಳ, ನಾಲೆ ನೀರು ಬರೋ ಕಡೆ ಭತ್ತ. ಈ ಊರಿನ ಹುಡುಗರಿಗೆ ಪಾರ್ಟಿಷನ್ ಟೇಬಲ್ ಅರ್ಥ ಮಾಡಿಸೋಕೆ ಟೆಕ್ಸ್ಟ್‌ಬುಕ್ ಬೇಕಾಗಿಲ್ಲ, ಯಾಕಂದ್ರೆ ಜಮೀನಿನ ಹದ್ದುಬಸ್ತು ಅಂದ್ರೆ ಏನು ಅಂತ ಮನೆಯಲ್ಲೇ ಕೇಳಿರ್ತಾರೆ.

ಸರ್ವೆ ನಂಬರ್‌ಗೆ ಆಕಾರಬಂದ್ ಇರುತ್ತೆ, ಟಿಪ್ಪಣಿ ಇರುತ್ತೆ, ಪಹಣಿ ಇರುತ್ತೆ. ಎಷ್ಟು ಎಕರೆ, ಎಷ್ಟು ಗುಂಟೆ, ಯಾರ ಹೆಸರಲ್ಲಿದೆ, ಅಳತೆ ಎಲ್ಲಿಂದ ಎಲ್ಲಿವರೆಗೆ ಅನ್ನೋದು ಅವುಗಳಲ್ಲಿ ಇರುತ್ತೆ. ಬೆಳೆ ಅಲ್ಲಿರಲ್ಲ. ಬೆಳೆ ಹೊಲದಲ್ಲಿರುತ್ತೆ. ಕಾಗದ ಗೆದ್ದಲು ಹಿಡಿದು ಹೋದ್ರೂ ಹೊಲ ಎದ್ದು ಎಲ್ಲೂ ಹೋಗಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿದ್ರೆ ಸರ್ವೆಯರ್ ಬರ್ತಾರೆ. ಅವರು ಮೊದಲು ಹುಡುಕೋದು ಬಾಂದು ಕಲ್ಲನ್ನ. ಒಂದು ಕಲ್ಲು ಸಿಕ್ಕಿದ್ರೆ ಅಲ್ಲಿಂದ ಸರಪಳಿ ಹಿಡಿದು ಇನ್ನೊಂದು ಕಲ್ಲು ಎಲ್ಲಿರಬೇಕು ಅಂತ ನೋಡ್ತಾರೆ. ಈಗ ರೋವರ್ ಅನ್ನೋ ಉಪಕರಣ ಬಂದಿದೆ, ಆದರೆ ಕೆಲಸದ ಲಾಜಿಕ್ ಅದೇ. ಪಕ್ಕದವರು ಆ ಬದು ಕಿತ್ತು, ಕಲ್ಲು ಎತ್ತಿ ಬಿಸಾಕಿ, ಟ್ರ್ಯಾಕ್ಟರ್ ಹೊಡೆಸಿ ಸಮ ಮಾಡಿಬಿಟ್ರೆ ಮಾತ್ರ ಕಷ್ಟ.

ಡಿಸ್ಕ್‌ನಲ್ಲೂ ಹೀಗೇ. ಹಳೇ ಕಾಲದ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕ್‌ನ ಮೊದಲನೇ ಸೆಕ್ಟರ್‌ನ 512 ಬೈಟ್‌ಗಳಲ್ಲಿ ಬೂಟ್ ಕೋಡ್‌ಗೆ 446 ಬೈಟ್, ಕೊನೆಗೆ ಗುರುತಿಗೆ 2 ಬೈಟ್. ಮಧ್ಯದ 64 ಬೈಟ್ ಮಾತ್ರ ಪಾರ್ಟಿಷನ್ ಟೇಬಲ್. ನಾಲ್ಕು ಪಾರ್ಟಿಷನ್, ಒಂದೊಂದಕ್ಕೆ 16 ಬೈಟ್. ಒಂದು ಟಿಬಿ ಡಿಸ್ಕ್ ಇದ್ರೂ ಅಷ್ಟೇ. ಎಲ್ಲಿ ಶುರು, ಎಷ್ಟು ಉದ್ದ, ಯಾವ ಥರದ್ದು ಅನ್ನೋದು ಬಿಟ್ರೆ ಅದರಲ್ಲಿ ನಿಮ್ಮ ಫೈಲ್‌ನ ಒಂದು ಅಕ್ಷರವೂ ಇಲ್ಲ. ಈಗಿನ ಜಿಪಿಟಿ ಪದ್ಧತಿ ಇನ್ನೂ ಜಾಣತನದ್ದು. 128 ಬೈಟ್‌ನ 128 ನಮೂದುಗಳಿಗೆ ಜಾಗ ಇರುತ್ತೆ, ಸರಿಯಾಗಿದೆಯಾ ಅಂತ ನೋಡೋಕೆ ಚೆಕ್‌ಸಮ್ ಇರುತ್ತೆ, ಎಲ್ಲಕ್ಕಿಂತ ಮುಖ್ಯವಾಗಿ ಇಡೀ ಟೇಬಲ್‌ನ ಇನ್ನೊಂದು ಪ್ರತಿ ಡಿಸ್ಕ್‌ನ ತುತ್ತತುದಿಯಲ್ಲಿ ಇರುತ್ತೆ. ತಾಲ್ಲೂಕು ಕಚೇರಿಯಲ್ಲಿ ಒಂದು ಪ್ರತಿ, ಮನೆ ಪೆಟ್ಟಿಗೆಯಲ್ಲಿ ಒಂದು ಪ್ರತಿ ಇದ್ದ ಹಾಗೆ.

ಬಾಂದು ಕಲ್ಲುಗಳೂ ಇವೆ. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ಸಿಸ್ಟಮ್ ತಗೊಳ್ಳಿ. ಪಾರ್ಟಿಷನ್ ಶುರುವಾದ ಜಾಗದಿಂದ 1024 ಬೈಟ್ ಆದ ಮೇಲೆ ಸೂಪರ್‌ಬ್ಲಾಕ್ ಬರುತ್ತೆ. ಅದರೊಳಗೆ 56 ಬೈಟ್ ದಾಟಿದ್ರೆ ಯಾವಾಗ್ಲೂ ಅದೇ ಎರಡು ಬೈಟ್: 53, ಇಎಫ್. ಇದು ನೆಟ್ಟ ಕಲ್ಲು. ಮೊದಲ ಕಲ್ಲು ಹೋದ್ರೂ ಚಿಂತೆ ಇಲ್ಲ. 4 ಕೆಬಿ ಬ್ಲಾಕ್‌ನ ಫೈಲ್ ಸಿಸ್ಟಮ್‌ನಲ್ಲಿ 32768ನೇ ಬ್ಲಾಕ್‌ನಲ್ಲಿ ಇನ್ನೊಂದು ಪ್ರತಿ, 98304ರಲ್ಲಿ ಮತ್ತೊಂದು, ಹೀಗೆ ದೂರ ದೂರಕ್ಕೆ ನೆಟ್ಟಿರುತ್ತೆ. ಕ್ರಿಸ್ಟೋಫ್ ಗ್ರೆನಿಯೆ ಬರೆದಿರೋ ಟೆಸ್ಟ್‌ಡಿಸ್ಕ್ ಅನ್ನೋ ಉಚಿತ ಸಾಫ್ಟ್‌ವೇರ್ ಮಾಡೋದು ಸರ್ವೆಯರ್ ಕೆಲಸವನ್ನೇ. ಡಿಸ್ಕ್ ಉದ್ದಕ್ಕೂ ನಡ್ಕೊಂಡು ಹೋಗಿ ಇಂಥ ಕಲ್ಲುಗಳನ್ನ ಹುಡುಕಿ, ಇಲ್ಲಿಂದ ಇಲ್ಲಿವರೆಗೆ ಒಂದು ಪಾರ್ಟಿಷನ್ ಇದ್ದಿರಬೇಕು ಅಂತ ಲೆಕ್ಕ ಹಾಕಿ ಟೇಬಲ್ ಮತ್ತೆ ಕಟ್ಟಿಕೊಡುತ್ತೆ.

ಇದು ಹೊಸ ವಿದ್ಯೆಯೂ ಅಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ಅನ್ನೋ ವೈರಸ್ ಸಿಡಿದಾಗ ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ಚೆರ್ನೋಬಿಲ್ ದುರಂತದ ತಾರೀಕಿಗೆ ಸರಿಯಾಗಿ ಸಿಡಿದಿದ್ದರಿಂದ ಅದಕ್ಕೆ ಚೆರ್ನೋಬಿಲ್ ವೈರಸ್ ಅಂತಲೂ ಹೆಸರು. ಅದು ಡಿಸ್ಕ್‌ನ ಮೊದಲ 1 ಎಂಬಿ ಜಾಗದ ಮೇಲೆ ಬರೆದು ಅಳಿಸಿಬಿಡ್ತಿತ್ತು. ಟೇಬಲ್ ಹೋಯ್ತು, ಡಿಸ್ಕ್ ಖಾಲಿ ಅಂತ ತೋರಿಸ್ತು. ಆಗ ಮೊದಲ ಪಾರ್ಟಿಷನ್ 63ನೇ ಸೆಕ್ಟರ್‌ನಿಂದಲೇ ಶುರುವಾಗ್ತಾ ಇದ್ದಿದ್ರಿಂದ ಫೈಲ್ ಸಿಸ್ಟಮ್‌ನ ತಲೆಭಾಗಕ್ಕೂ ಪೆಟ್ಟು ಬೀಳ್ತಿತ್ತು. ಆದರೂ ಸ್ಟೀವ್ ಗಿಬ್ಸನ್ ಬರೆದ ಫಿಕ್ಸ್-ಸಿಐಎಚ್ ಥರದ ಸಣ್ಣ ಪ್ರೋಗ್ರಾಂಗಳು ಎಷ್ಟೋ ಡಿಸ್ಕ್‌ಗಳನ್ನ ವಾಪಸ್ ತಂದ್ವು. ಫ್ಯಾಟ್32 ತನ್ನ ಮುಖ್ಯ ಪಟ್ಟಿಯ ಎರಡು ಪ್ರತಿ ಇಟ್ಕೊಂಡಿರುತ್ತೆ, ದೊಡ್ಡ ಪಾರ್ಟಿಷನ್‌ಗಳಲ್ಲಿ ಎರಡನೇ ಪ್ರತಿ ಆ 1 ಎಂಬಿಯ ಆಚೆ ಉಳಿದಿತ್ತು. ಸುಮ್ಮನಿದ್ದವರಿಗೆ ಡೇಟಾ ಸಿಕ್ತು. ಗಾಬರಿಯಾಗಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ಕೊಂಡವರಿಗೆ ಬರೀ ವಿಂಡೋಸ್ ಸಿಕ್ತು.

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ಒಂದು ಫೈನಲ್ ಇಯರ್ ಟೀಮ್ ಕನ್ನಡ ಮಾತನ್ನ ಬರಹ ಮಾಡೋ ಪ್ರಾಜೆಕ್ಟ್‌ಗೆ ಹಳ್ಳಿ ಜನರ ಮಾತನ್ನ ರೆಕಾರ್ಡ್ ಮಾಡ್ತಾ ಇದ್ರು. ನಮ್ಮ ಹನಗೋಡು ಸೀಮೆಯಲ್ಲಿ ಜನರ ಪರಿಚಯ ಮಾಡಿಸಿದ್ದು ನಾನೇ. ಹೊಗೆಸೊಪ್ಪು ಬೇಯಿಸೋದು, ರಾಗಿ ಹೊಲಕ್ಕೆ ಆನೆ ಬಂದಾಗ ಅಟ್ಟಣೆ ಮೇಲೆ ಕೂತು ಕಾಯ್ತಾ ಇದ್ದಿದ್ದು, ನದಿ ತುಂಬಿ ಹರಿದ ವರ್ಷಗಳು, ಹಿಂಗೆ ವಯಸ್ಸಾದ ಹನ್ನೊಂದು ಜನ ಮಾತಾಡಿದ್ರು. ಎಲ್ಲ ಆಡಿಯೋ ಬಾಡಿಗೆಗೆ ತಗೊಂಡಿದ್ದ ಒಂದು ವರ್ಚುವಲ್ ಸರ್ವರ್‌ನಲ್ಲಿ ಇತ್ತು. ಜಾಗ ಸಾಲ್ದೆ ಎರಡನೇ ಡಿಸ್ಕ್ ಸೇರಿಸಿದ್ರು. ಹೊಸ ಡಿಸ್ಕ್‌ನ ಹೆಸರು ವಿಡಿಬಿ. ಪಾರ್ಟಿಷನ್ ಮಾಡೋವಾಗ ಒಬ್ಬ ಅಣ್ಣ ಟೈಪ್ ಮಾಡಿದ್ದು ವಿಡಿಎ. ಹಳೇ ಡಿಸ್ಕ್ ಮೇಲೆ ಹೊಸ ಟೇಬಲ್ ಬರೆದುಹೋಯ್ತು.

ಮುಂದೆ ಏನಾಯ್ತು ಅನ್ನೋದು ಮುಖ್ಯ. ಸರ್ವರ್ ಏನೂ ಆಗಿಲ್ಲ ಅನ್ನೋ ಹಾಗೆ ಇಡೀ ದಿನ ಓಡ್ತು. ಡಿಸ್ಕ್ ಬಳಕೆಯಲ್ಲಿದ್ದಿದ್ರಿಂದ ಕರ್ನಲ್ ಹೊಸ ಟೇಬಲ್ ಓದಿರಲಿಲ್ಲ, ಹಳೇದನ್ನೇ ನೆನಪಲ್ಲಿ ಇಟ್ಕೊಂಡಿತ್ತು. ಎಲ್ಲ ಫೈಲ್‌ಗಳೂ ಕಾಣ್ತಾ ಇದ್ವು. ರಾತ್ರಿ ರೀಬೂಟ್ ಮಾಡಿದ್ರು. ಎದ್ದೇಳಲಿಲ್ಲ. ಆಗಲೂ ಆಡಿಯೋ ಅಷ್ಟೂ ಡಿಸ್ಕ್‌ನಲ್ಲಿ ಇದ್ದಲ್ಲೇ ಇತ್ತು. ಮಾರನೇ ದಿನ ಡೆಮೋ ಇತ್ತು, ಟೆನ್ಷನ್‌ನಲ್ಲಿ ಪ್ಯಾನೆಲ್‌ಗೆ ಹೋಗಿ ರೀಇನ್‌ಸ್ಟಾಲ್ ಬಟನ್ ಒತ್ತಿದ್ರು. ಎರಡು ನಿಮಿಷದಲ್ಲಿ ಹೊಸ ಓಎಸ್ ಬಂತು. ಟ್ರ್ಯಾಕ್ಟರ್ ಹೊಡೆದಾಗಿತ್ತು.

ಆಮೇಲೆ ಫೋಟೋರೆಕ್ ಅನ್ನೋ ಟೂಲ್ ಓಡಿಸಿದಾಗ ಕೆಲವು ಆಡಿಯೋ ತುಂಡು ಸಿಕ್ಕಿದ್ವು. ಫೋಟೋರೆಕ್ ಫೈಲ್‌ನ ಗುರುತು ನೋಡಿ ಎತ್ತುತ್ತೆ ಅಷ್ಟೇ, ಹೆಸರು, ಫೋಲ್ಡರ್ ಏನೂ ಕೊಡಲ್ಲ. ಒಂದೊಂದೇ ತುಂಡು ಕೇಳಿ ಇದು ಯಾರ ಧ್ವನಿ ಅಂತ ಗುರುತಿಸೋಕೆ ನನ್ನನ್ನ ಕರೆದ್ರು. ಹನ್ನೊಂದು ಜನರಲ್ಲಿ ನಾಲ್ಕು ಜನರದ್ದು ಸ್ವಲ್ಪ ಸ್ವಲ್ಪ ಸಿಕ್ತು. ಮತ್ತೆ ಹೋಗಿ ರೆಕಾರ್ಡ್ ಮಾಡೋಣ ಬಿಡು ಅಂದ್ರು. ಅಷ್ಟರಲ್ಲಿ ಆ ಹನ್ನೊಂದು ಜನರಲ್ಲಿ ಇಬ್ಬರು ತೀರಿಹೋಗಿದ್ರು.

ಆ ಅಣ್ಣನ್ನ ಬೈಯೋಕೆ ಇದನ್ನ ಬರೀತಿಲ್ಲ. ಎ ಬದಲು ಬಿ ಆಗೋದು ಯಾರ ಕೈಯಲ್ಲೂ ಆಗುತ್ತೆ. ನನ್ನ ಪ್ರಶ್ನೆ ಬೇರೆ. ಟೇಬಲ್ ಹೋದ ಮೇಲೆ ಒಂದು ಇಡೀ ದಿನ, ರೀಬೂಟ್ ಆದ ಮೇಲೂ ಕೆಲವು ಗಂಟೆ, ಎಲ್ಲವನ್ನೂ ಉಳಿಸಿಕೊಳ್ಳೋ ಅವಕಾಶ ಇತ್ತು. ನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಓದಿದ ಒಂದು ಟೀಮ್‌ನಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ ಅಂದ್ರೆ ನಾವು ಏನು ಕಲೀತಿದ್ದೀವಿ?

ಏನು ಮಾಡಬಹುದಿತ್ತು ಅಂತ ಹೇಳ್ತೀನಿ. ನಿಮಗೆ ಯಾವತ್ತಾದ್ರೂ ಉಪಯೋಗಕ್ಕೆ ಬರುತ್ತೆ, ಸೇವ್ ಮಾಡ್ಕೊಳ್ಳಿ.

ಮೊದಲನೇದು, ಸರ್ವರ್ ಇನ್ನೂ ಓಡ್ತಾ ಇದ್ರೆ ರೀಬೂಟ್ ಮಾಡಲೇಬೇಡಿ. ಟೇಬಲ್ ಮತ್ತೆ ಓದಿಸೋ ಪಾರ್ಟ್‌ಪ್ರೋಬ್ ಥರದ ಕಮಾಂಡೂ ಬೇಡ. ಫೈಲ್ ಸಿಸ್ಟಮ್ ಇನ್ನೂ ಮೌಂಟ್ ಆಗಿರುತ್ತೆ, ಹಾಗಾಗಿ ಬೇಕಾದ ಫೈಲ್‌ಗಳನ್ನ ಬೇರೆ ಕಂಪ್ಯೂಟರ್‌ಗೆ ಕಾಪಿ ಮಾಡಿ. ಎಷ್ಟೋ ಸಲ ಕಥೆ ಇಲ್ಲಿಗೇ ಸುಖಾಂತ್ಯ. ಜೊತೆಗೆ, ಸಿಸ್ ಫೋಲ್ಡರ್ ಒಳಗೆ ಬ್ಲಾಕ್, ಅದರೊಳಗೆ ಡಿಸ್ಕ್ ಹೆಸರು, ಅದರೊಳಗೆ ಪಾರ್ಟಿಷನ್ ಹೆಸರು, ಅಲ್ಲಿ ಸ್ಟಾರ್ಟ್ ಮತ್ತು ಸೈಜ್ ಅಂತ ಎರಡು ಸಣ್ಣ ಫೈಲ್ ಇರುತ್ತೆ. ಅವೆರಡರ ಸಂಖ್ಯೆ ಬರೆದಿಟ್ಕೊಳ್ಳಿ. ಅದು 512 ಬೈಟ್‌ನ ಸೆಕ್ಟರ್ ಲೆಕ್ಕದಲ್ಲಿರುತ್ತೆ. ಅಳಿಸಿಹೋದ ಟೇಬಲ್ ಅಂದ್ರೆ ಆ ಸಂಖ್ಯೆಗಳೇ. ಅವು ಕೈಯಲ್ಲಿದ್ರೆ ಹುಡುಕೋ ಕೆಲಸವೇ ಇಲ್ಲ.

ಎರಡನೇದು, ಸರ್ವರ್ ನಿಂತುಹೋಗಿದ್ರೆ ಆ ಡಿಸ್ಕ್ ಮೇಲೆ ಏನೂ ಬರೀಬೇಡಿ. ವರ್ಚುವಲ್ ಸರ್ವರ್‌ನ ದೊಡ್ಡ ಅನುಕೂಲ ಏನಂದ್ರೆ ಡಿಸ್ಕ್ ಅನ್ನೋದು ಇನ್ನೊಂದು ಮೆಷಿನ್‌ನಲ್ಲಿರೋ ಒಂದು ಫೈಲೋ ವಾಲ್ಯೂಮೋ ಆಗಿರುತ್ತೆ. ಪ್ಯಾನೆಲ್‌ನಲ್ಲಿ ಸ್ನಾಪ್‌ಶಾಟ್ ಸೌಲಭ್ಯ ಇದ್ರೆ ಮೊದಲು ಅದನ್ನ ತಗೊಳ್ಳಿ. ಇಲ್ಲದಿದ್ರೆ ರೆಸ್ಕ್ಯೂ ಮೋಡ್‌ನಲ್ಲಿ ಎಬ್ಬಿಸಿ, ಅಥವಾ ಡಿಸ್ಕ್ ಬಿಚ್ಚಿ ಇನ್ನೊಂದು ಸರ್ವರ್‌ಗೆ ಎರಡನೇ ಡಿಸ್ಕ್ ಆಗಿ ಸೇರಿಸಿ, ಡಿಡಿ ಕಮಾಂಡ್‌ನಿಂದ ಪೂರ್ತಿ ನಕಲು ತೆಗೀರಿ. ಮುಂದಿನ ಪ್ರಯೋಗ ಎಲ್ಲ ಆ ನಕಲಿನ ಮೇಲೆ. ಆಗ ತಪ್ಪಾದ್ರೂ ಮೂಲ ಭದ್ರ.

ಮೂರನೇದು, ಜಿಪಿಟಿ ಆಗಿದ್ರೆ ತುದಿಯಲ್ಲಿರೋ ಪ್ರತಿಯನ್ನ ನೋಡಿ. ಜಿಡಿಸ್ಕ್ ಟೂಲ್‌ನ ರಿಕವರಿ ಮೆನುವಿನಲ್ಲಿ ಅದರಿಂದ ಮೊದಲಿನ ಪ್ರತಿ ಕಟ್ಟೋ ಆಪ್ಷನ್ ಇದೆ. ಎರಡು ಎಚ್ಚರಿಕೆ. ಟೂಲ್ ಬಳಸಿ ಹೊಸ ಟೇಬಲ್ ಬರೆದಿದ್ರೆ ತುದಿಯ ಪ್ರತಿಯೂ ಹೊಸದಾಗಿರುತ್ತೆ ಅಥವಾ ಅಳಿದಿರುತ್ತೆ, ನಂಬಬೇಡಿ. ಇನ್ನೊಂದು, ವರ್ಚುವಲ್ ಡಿಸ್ಕ್‌ನ ಗಾತ್ರ ಹೆಚ್ಚಿಸಿದಾಗ ಎರಡನೇ ಪ್ರತಿ ಹಳೇ ತುದಿಯಲ್ಲೇ, ಅಂದ್ರೆ ಈಗ ಡಿಸ್ಕ್‌ನ ಮಧ್ಯದಲ್ಲೆಲ್ಲೋ ಉಳಿದುಬಿಟ್ಟಿರಬಹುದು. ಊರು ಬೆಳೆದ ಮೇಲೆ ಹಳೇ ಊರಬಾಗಿಲು ಊರೊಳಗೆ ಬಂದ ಹಾಗೆ.

ನಾಲ್ಕನೇದು, ಇದ್ಯಾವುದೂ ಇಲ್ಲದಿದ್ರೆ ಟೆಸ್ಟ್‌ಡಿಸ್ಕ್. ಮೊದಲು ಅನಲೈಸ್, ಆಮೇಲೆ ಕ್ವಿಕ್ ಸರ್ಚ್, ಸಿಗದಿದ್ರೆ ಡೀಪರ್ ಸರ್ಚ್. ಸಿಕ್ಕ ಪಾರ್ಟಿಷನ್ ಮೇಲೆ ನಿಂತು ಪಿ ಒತ್ತಿ ಫೈಲ್ ಪಟ್ಟಿ ನೋಡಿ. ನಿಮ್ಮ ಫೈಲ್‌ಗಳ ಹೆಸರು ಕಂಡ್ರೆ ಅಳತೆ ಸರಿ. ಕಾಣದೇ ರೈಟ್ ಒತ್ತಬೇಡಿ. ಮೌಂಟ್ ಮಾಡೋವಾಗ ರೀಡ್ ಓನ್ಲಿ ಅಂತ ಹೇಳಿ, ಎಕ್ಸ್‌ಟಿ4 ಆದ್ರೆ ಜರ್ನಲ್ ಓಡಿಸದಂತೆ ನೋಲೋಡ್ ಆಪ್ಷನ್ ಕೊಡಿ. ಎಫ್‌ಎಸ್‌ಸಿಕೆ ಓಡಿಸೋ ಆತುರ ಬೇಡ, ತಪ್ಪು ಅಳತೆಯ ಮೇಲೆ ಅದು ರಿಪೇರಿ ಮಾಡೋಕೆ ಹೋದ್ರೆ ಇರೋದೂ ಕೆಡುತ್ತೆ. ಫೋಟೋರೆಕ್ ಕಟ್ಟಕಡೆಯದು.

ಇಷ್ಟೆಲ್ಲ ಗೊತ್ತಿದ್ರೂ ವಾಪಸ್ ಬರದ ಸಂದರ್ಭಗಳಿವೆ, ಅದನ್ನೂ ಹೇಳ್ಬೇಕು. ಹೊಸ ಫೈಲ್ ಸಿಸ್ಟಮ್ ಮಾಡೋ ಎಂಕೆಎಫ್‌ಎಸ್ ಕಮಾಂಡ್ ಎಕ್ಸ್‌ಟಿ4ಗೆ ತಾನಾಗೇ ಡಿಸ್ಕಾರ್ಡ್ ಕಳಿಸುತ್ತೆ. ಈ ಬ್ಲಾಕ್‌ಗಳು ಬೇಡ ಅಂತ ಕೆಳಗಿನ ಸ್ಟೋರೇಜ್‌ಗೆ ಹೇಳೋದೇ ಡಿಸ್ಕಾರ್ಡ್. ಅದನ್ನ ಪಾಲಿಸೋ ವರ್ಚುವಲ್ ಡಿಸ್ಕ್ ಆ ಜಾಗವನ್ನ ನಿಜವಾಗ್ಲೂ ಬಿಟ್ಟುಕೊಡುತ್ತೆ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದ್ರೂ ತುಂಬಾ ಡೇಟಾ ಉಳೀತಿತ್ತು. ಆ ಧೈರ್ಯದಲ್ಲಿ ವರ್ಚುವಲ್ ಡಿಸ್ಕ್ ಮುಟ್ಟಬೇಡಿ. ಹಾಗೇನೇ ಲಕ್ಸ್ ಎನ್‌ಕ್ರಿಪ್ಷನ್ ಇದ್ದು ಅದರ ಹೆಡರ್ ಮೇಲೆ ಏನಾದ್ರೂ ಬರೆದುಹೋದ್ರೆ, ಹೆಡರ್‌ನ ಬ್ಯಾಕಪ್ ಇಲ್ಲದೆ ಪಾಸ್‌ವರ್ಡ್ ಗೊತ್ತಿದ್ದೂ ಪ್ರಯೋಜನ ಇಲ್ಲ.

ಈ ಮಾತು ಹಾಸ್ಟೆಲ್‌ನಲ್ಲಿ ಎತ್ತಿದಾಗ ಎರಡು ಉತ್ತರ ಬಂತು. ಒಂದು, ಇದೆಲ್ಲ ಯಾಕೆ ಮಗಾ, ಕ್ಲೌಡ್‌ನವರು ಬ್ಯಾಕಪ್ ಇಟ್ಟಿರ್ತಾರೆ ಅಂತ. ಪ್ಯಾನೆಲ್ ತೆಗೆದು ನೋಡಿ. ಎಷ್ಟೋ ಕಡೆ ಬ್ಯಾಕಪ್ ಅನ್ನೋದು ಬೇರೆ ದುಡ್ಡು ಕೊಟ್ಟು ಆನ್ ಮಾಡ್ಬೇಕಾದ ಆಪ್ಷನ್. ಆನ್ ಆಗಿದ್ರೂ ವಾಪಸ್ ತಂದು ನೋಡದ ಬ್ಯಾಕಪ್ ಬರೀ ನಂಬಿಕೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಒಬ್ಬ ಎಂಜಿನಿಯರ್ ಬೇರೆ ಸರ್ವರ್ ಅಂದ್ಕೊಂಡು ಮುಖ್ಯ ಡೇಟಾಬೇಸ್‌ನ ಫೋಲ್ಡರ್ ಅಳಿಸಿಬಿಟ್ರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳೀತು. ಐದು ಥರದ ಬ್ಯಾಕಪ್ ಮತ್ತು ರೆಪ್ಲಿಕೇಷನ್ ವ್ಯವಸ್ಥೆ ಇತ್ತು, ಒಂದೂ ನೆಟ್ಟಗೆ ಕೈಗೆ ಸಿಗಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ತೆಗೆದಿದ್ದ ಒಂದು ಸ್ನಾಪ್‌ಶಾಟ್ ಕಾಪಾಡ್ತು. ಅಲ್ಲಿ ಹೋಗಿದ್ದು ಪಾರ್ಟಿಷನ್ ಟೇಬಲ್ ಅಲ್ಲ, ನಿಜ. ಆದರೆ ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾದ್ರೆ ನಮ್ಮ ತಿಂಗಳ ಬಾಡಿಗೆ ಸರ್ವರ್‌ಗೆ ಯಾರು ದಿಕ್ಕು? ಅವರು ನಡೆದಿದ್ದನ್ನೆಲ್ಲ ಮುಚ್ಚಿಡದೆ ಪಬ್ಲಿಕ್ಕಾಗಿ ಬರೆದ್ರು, ಅದನ್ನ ಮೆಚ್ಚಲೇಬೇಕು.

ಎರಡನೇ ಉತ್ತರ, ಎಐಗೆ ಕೇಳಿದ್ರೆ ಕಮಾಂಡ್ ಕೊಡುತ್ತೆ ಅಂತ. ಕೊಡುತ್ತೆ. ಆದರೆ ನಿಮ್ಮ ಡಿಸ್ಕ್‌ಗೆ ಏನಾಗಿದೆ ಅನ್ನೋದು ನೀವು ಹೇಳಿದಷ್ಟೇ ಅದಕ್ಕೆ ಗೊತ್ತು. ಸರ್ವರ್ ಬೂಟ್ ಆಗ್ತಿಲ್ಲ ಅಂತ ಕೇಳಿದ್ರೆ ಬೂಟ್ ಮಾಡಿಸೋ ದಾರಿ ಹೇಳುತ್ತೆ, ಡೇಟಾ ಉಳಿಸೋ ದಾರಿ ಅಲ್ಲ. ಏನು ಕೇಳಬೇಕು ಅಂತ ಗೊತ್ತಿರೋಕೆ ವಿಷಯ ಗೊತ್ತಿರಬೇಕು.

ನಮ್ಮ ಓಎಸ್ ಲ್ಯಾಬ್‌ನಲ್ಲಿ ಬ್ಯಾಂಕರ್ಸ್ ಅಲ್ಗಾರಿದಂ, ಪೇಜ್ ರಿಪ್ಲೇಸ್‌ಮೆಂಟ್, ಡಿಸ್ಕ್ ಶೆಡ್ಯೂಲಿಂಗ್ ಎಲ್ಲ ಮಾಡ್ತೀವಿ. ಡಿಸ್ಕ್ ಶೆಡ್ಯೂಲಿಂಗ್ ಅಂದ್ರೆ ಒಂದು ಅರೇಯಲ್ಲಿ ಸಂಖ್ಯೆ ಹಾಕಿ ಹೆಡ್ ಎಷ್ಟು ಓಡ್ತು ಅಂತ ಕೂಡಿಸೋದು. ನಿಜವಾದ ಡಿಸ್ಕ್‌ನ ಒಂದು ಸೆಕ್ಟರ್ ನೋಡದೇ ಲ್ಯಾಬ್ ಮುಗಿಯುತ್ತೆ. ಅಲ್ಗಾರಿದಂ ಬೇಡ ಅನ್ನಲ್ಲ. ಅದರ ಜೊತೆಗೆ ಒಂದೇ ಒಂದು ಲ್ಯಾಬ್ ಸೇರಿಸಿ ಅಂತೀನಿ.

ಖರ್ಚು ಸೊನ್ನೆ. ಒಬ್ಬೊಬ್ಬರೂ 1 ಜಿಬಿಯ ಒಂದು ಖಾಲಿ ಫೈಲ್ ಮಾಡಿ, ಅದನ್ನೇ ಲೂಪ್ ಡಿವೈಸ್ ಮಾಡಿ, ಎರಡು ಪಾರ್ಟಿಷನ್ ಹಾಕಿ, ನಿಮ್ಮ ಫೋಟೋ ನೋಟ್ಸ್ ಏನಾದ್ರೂ ತುಂಬಿ. ಎಲ್ಲ ಫೈಲ್‌ಗಳ ಚೆಕ್‌ಸಮ್ ಬರೆದಿಟ್ಕೊಳ್ಳಿ. ಅನ್‌ಮೌಂಟ್ ಮಾಡಿ ಮೊದಲ 1 ಎಂಬಿಯನ್ನ ಸೊನ್ನೆ ಮಾಡಿ. ಈಗಿನ ಟೂಲ್‌ಗಳು ಮೊದಲ ಪಾರ್ಟಿಷನ್ನನ್ನ 2048ನೇ ಸೆಕ್ಟರ್‌ನಿಂದ, ಅಂದ್ರೆ ಸರಿಯಾಗಿ 1 ಎಂಬಿ ಆದ ಮೇಲೆ ಶುರು ಮಾಡೋದ್ರಿಂದ ಹೋಗೋದು ಟೇಬಲ್ ಮಾತ್ರ. ಸಿಐಎಚ್ ಮಾಡಿದ್ದನ್ನ ನೀವೇ ನಿಮ್ಮ ಕೈಯಾರೆ ಮಾಡಿದ ಹಾಗೆ. ಆಮೇಲೆ ಪಕ್ಕದವರ ಜೊತೆ ಫೈಲ್ ಅದಲು ಬದಲು ಮಾಡ್ಕೊಂಡು ಒಬ್ಬರ ಡೇಟಾ ಇನ್ನೊಬ್ಬರು ವಾಪಸ್ ತರಬೇಕು. ಚೆಕ್‌ಸಮ್ ಹೊಂದಿದ್ರೆ ಫುಲ್ ಮಾರ್ಕ್ಸ್. ಎರಡು ಗಂಟೆಯ ಕೆಲಸ. ಸಿಲಬಸ್ ಬದಲಾಗೋವರೆಗೆ ಕಾಯೋದೂ ಬೇಡ, ನಮ್ಮ ಕನ್ನಡ ಸಂಘವೇ ಒಂದು ಶನಿವಾರ ಮಾಡಬಹುದು. ಕನ್ನಡದಲ್ಲೇ ಹೇಳಿಕೊಡೋಣ.

ಇದು ಬರೀ ಪ್ರಾಜೆಕ್ಟ್ ಮಾರ್ಕ್ಸಿನ ವಿಷಯ ಅಲ್ಲ. ಭೂಮಿ ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದ್ವು. ಅದಕ್ಕಿಂತ ಮೊದಲು ಅವು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ವು. ಇವತ್ತು ಹನಗೋಡಿನಲ್ಲಿ ಕೂತ ರೈತರು ಮೊಬೈಲ್‌ನಲ್ಲೇ ತಮ್ಮ ಪಹಣಿ ನೋಡ್ಕೋತಾರೆ. ಆ ಪಹಣಿ ಇರೋದು ಯಾವುದೋ ಸರ್ವರ್‌ನ ಯಾವುದೋ ಡಿಸ್ಕ್‌ನಲ್ಲಿ, ಅದರ ಮೊದಲ ಕೆಲವು ಸೆಕ್ಟರ್‌ಗಳಲ್ಲಿ ಒಂದು ಟೇಬಲ್. ಇನ್ನು ನಾಲ್ಕೈದು ವರ್ಷಕ್ಕೆ ಅಂಥ ಸರ್ವರ್‌ಗಳನ್ನ, ಆಸ್ಪತ್ರೆಯದ್ದನ್ನ, ಬ್ಯಾಂಕಿನದ್ದನ್ನ ನೋಡ್ಕೊಳ್ಳೋದು ನಮ್ಮಲ್ಲೇ ಯಾರೋ. ಅವತ್ತು ರಾತ್ರಿ ಎರಡು ಗಂಟೆಗೆ ಸರ್ವರ್ ಎದ್ದೇಳದೇ ಇದ್ದಾಗ ನಮ್ಮ ಕೈ ಯಾವ ಬಟನ್ ಕಡೆ ಹೋಗುತ್ತೆ ಅನ್ನೋದು ಇವತ್ತು ಕಲಿಯೋದ್ರ ಮೇಲೆ ನಿಂತಿದೆ.

ಲ್ಯಾಬ್ ಬರೋವರೆಗೆ ಒಂದು ಕೆಲಸ ಮಾಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ರೆ, ಅಥವಾ ಬಾಡಿಗೆ ಸರ್ವರ್ ಇದ್ರೆ, ಎಸ್‌ಎಫ್‌ಡಿಸ್ಕ್ ಕಮಾಂಡ್‌ಗೆ ಡಂಪ್ ಆಪ್ಷನ್ ಕೊಟ್ಟು ಓಡಿಸಿ. ಟೇಬಲ್ ಪೂರ್ತಿ ನಾಲ್ಕಾರು ಸಾಲಿನ ಟೆಕ್ಸ್ಟ್ ಆಗಿ ಬರುತ್ತೆ. ಅದನ್ನ ಅದೇ ಡಿಸ್ಕ್‌ನಲ್ಲಿ ಇಡಬೇಡಿ. ನಿಮಗೆ ನೀವೇ ಮೇಲ್ ಮಾಡ್ಕೊಳ್ಳಿ, ಇಲ್ಲ ನೋಟ್‌ಬುಕ್‌ನ ಕೊನೇ ಹಾಳೆಯಲ್ಲಿ ಬರ್ಕೊಳ್ಳಿ. ಫೈಲ್‌ಗಳ ಬ್ಯಾಕಪ್ ಬೇರೆ ಇರಲೇಬೇಕು, ಇದು ಅದರ ಬದಲಿಗೆ ಅಲ್ಲ. ಆದರೆ ಟೇಬಲ್ ಹೋದ ದಿನ ಆ ನಾಲ್ಕು ಸಾಲನ್ನ ಅದೇ ಕಮಾಂಡ್‌ಗೆ ವಾಪಸ್ ಕೊಟ್ರೆ ಸಾಕು, ಬೇರೆ ಏನೂ ಬರೆದಿಲ್ಲದಿದ್ರೆ ಹೊಲ ಇದ್ದಲ್ಲೇ ಇರುತ್ತೆ.